ಹೊಗಿ ಇಲ್ಲದ ಕೆಂಡ

ನಮ್ಮ ಓಣ್ಯಾಗ ಮುಂಜಾನಿ ಬೆಂಕಿ ಅಂದ್ರ ಅದು ನಮ್ಮನಿ ಬೆಂಕಿ. ಬಳ್ಳಾರಿ ಕೋಟಿ ಗುಡ್ಡದ ಕೆಳಗ ಹದಿನೆಂಟು ಮನಿ ಓಣಿ ನಮ್ಮದು. ಹೊತ್ತು ಮೂಡೋದ್ರಾಗ ಒಬ್ಬೊಬ್ಬಾಕಿ ಒಂದೊಂದು ಸಗಣಿ ಕುಳ್ಳು ಹಿಡ್ಕೊಂಡು ನಮ್ಮ ಹಿತ್ತಲ ಬಾಗಲಿಗೆ ಬರಾಕಿ. ಕುಳ್ಳು ಮುರಿದು ಅರ್ಧ ನನ್ನ ಒಲಿಗೆ ಹಾಕಾಕಿ, ಉಳಿದ ಅರ್ಧದ ಮ್ಯಾಲ ಒಂದು ಕೆಂಡ ಇಟ್ಕೊಂಡು ಉಫ್ ಉಫ್ ಅಂತ ಊದ್ಕೊಂತ ಮನಿಗೆ ಹೋಗಾಕಿ. ಬೆಂಕಿಪೆಟ್ಟಿಗಿ ಊರಿಗೆ ಬಂದಿತ್ತು, ಇಲ್ಲ ಅನ್ನಂಗಿಲ್ಲ. ಆದ್ರ ದಿನಾ ಅದನ್ನ ಗೀರಿ ಒಲಿ ಹಚ್ಚಾಕಿನ್ನ ನಾವು ದುಂದಿನ ಹೆಂಗಸು ಅಂತಿದ್ವಿ. ನನ್ನ ಒಲಿ ಬೆಂಕಿ ನಮ್ಮತ್ತಿ ಕೈಯಿಂದ ನನ್ನ ಕೈಗೆ ಬಂದಿದ್ದು. ಆಕಿ ಶಿವನ ಪಾದ ಸೇರಿದ ಮ್ಯಾಲೂ ಒಂದು ದಿನ ಆರಗೊಟ್ಟಿದ್ದಿಲ್ಲ. ಮಲಗೋ ಮುಂದ ಬೂದಿ ಮುಚ್ಚಿಟ್ರ ಮುಂಜಾನಿ ಕೆದರಿದ ಕೂಡ್ಲೆ ಕೆಂಪಗ ಕಣ್ಣು ಬಿಡ್ತಿತ್ತು.

ಬಂದಾಕ್ಯಾರು ಬರೇ ಬೆಂಕಿ ಒಯ್ತಿದ್ರೇನು? ಯಾರ ಮನಿ ಎಮ್ಮಿ ಈದೈತಿ, ಯಾರ ಸೊಸಿ ಮುನಿಸ್ಕೊಂಡು ತವರಿಗೆ ಹೋಗ್ಯಾಳ, ಎಲ್ಲಾ ಮೊದಲು ನನ್ನ ಒಲಿ ಮುಂದ ಬರಬೇಕು. ನನ್ನ ಕೇಳದ ಓಣ್ಯಾಗ ಒಂದು ಮದುವಿ ಮಾತು ಮುಂದ ಹೋಗ್ತಿದ್ದಿಲ್ಲ. ಸೊಕ್ಕು ಅಂತೀರೇನು? ಹೌದು, ಸೊಕ್ಕೇ ಇತ್ತು. ಇದ್ದದ್ದನ್ನ ಇಲ್ಲ ಅಂತ ಯಾಕ ಹೇಳ್ಲಿ?

ಆ ಸೊಕ್ಕಿಗೆ ಪೆಟ್ಟು ಬಿದ್ದದ್ದು ಕಟಿಗಿ ಕಾಲಕ್ಕ. ರೈಲಿನ ಹಳಿ ಕೆಳಗ ಹಾಸಾಕ ಕಟಿಗಿ ಬೇಕು, ಕಂಟೋನ್ಮೆಂಟಿನ ದೊರಿಗಳ ಅಡಿಗಿಮನಿಗೆ ಕಟಿಗಿ ಬೇಕು, ಹತ್ತಿ ಒತ್ತೋ ಕಾರ್ಖಾನಿ ಬಾಯ್ಲರಿಗೆ ಕಟಿಗಿ ಬೇಕು. ಬಂಡಿಗಟ್ಟಲೆ ಹೊಡ್ಕೊಂಡು ಹೋದ್ರು. ಊರ ಸುತ್ತಲಿನ ಜಾಲಿಗಿಡ ಒಂದೊಂದಾಗಿ ನೆಲ ಹಿಡಿದ್ವು. ಪುಳ್ಳಿ ಆರಿಸಾಕ ಸಂಗನಕಲ್ಲು ಗುಡ್ಡಕ್ಕ ಹೋದ್ರ ಬರೇ ಕಲ್ಲು, ಕಲ್ಲಿನ ಸಂದ್ಯಾಗ ಹಾವು. ನಮ್ಮ ಅಡಿಗಿನೇ ಬದಲಾತು ನೋಡ್ರಿ. ಹುರಳಿ, ಅಲಸಂದಿ ಬೇಯಾಕ ಹೊತ್ತು ಹಿಡೀತಾವಂತ ಬಿಟ್ವಿ. ಎರಡು ಹೊತ್ತಿನ ರೊಟ್ಟಿ ಒಂದೇ ಹೊತ್ತಿಗೆ ಬಡಿದಿಟ್ಟು, ಸಂಜಿಗೆ ಕಟಕ್ ಕಟಕ್ ಅಂತ ಮುರ್ಕೊಂಡು ತಿಂದ್ವಿ. ಓಣ್ಯಾಗ ದನ ಸಗಣಿ ಹಾಕಿದ್ರ ಇಬ್ಬಿಬ್ಬರು ಓಡೋರು. ಮೊದಲು ಹೋಗಿ ಅದರ ಮ್ಯಾಲ ಒಂದು ಕಡ್ಡಿ ಚುಚ್ಚಿದಾಕಿದು ಆ ಸಗಣಿ. ಯಾರೋ ಆ ಕಡ್ಡಿ ಕಿತ್ತೊಗೆದ್ಲು ಅಂತ ಅಕ್ಕಪಕ್ಕದ ಎರಡು ಮನ್ಯಾಗ ವರ್ಷಗಟ್ಟಲೆ ಮಾತಿದ್ದಿಲ್ಲ.

ಹಂತಾ ಹೊತ್ತಿನ್ಯಾಗ ಬಂದ್ಲು ಆಕಿ. ನಮ್ಮನಿ ಗ್ವಾಡಿಗೆ ಹತ್ತಿದ ಮನಿಗೆ ಬಾಡಿಗಿ ಬಂದ್ಲು. ಆದೋನಿ ಕಡ್ಯಾಕಿ, ತೆಲುಗು ಮಂದಿ. ಗಂಡ ರೈಲಿನ್ಯಾಗ ಇಂಜಿನ್ನಿಗೆ ಬೆಂಕಿ ಹಾಕೋ ಕೆಲಸದಾಂವ. ಇಂಜಿನ್ ಹೊಟ್ಟಿ ಕೆದರಿದಾಗ ಅರೆಸುಟ್ಟ ಕಲ್ಲಿದ್ದಲಿ ಹೊರಗ ಬೀಳ್ತಿತ್ತು. ಅದನ್ನ ಆರಿಸ್ಕೊಂಡು ಹೋಗಾಕ ಕೆಲಸದವರಿಗೆ ಬಿಡ್ತಿದ್ರು. ದಿನಾ ಒಂದು ಬುಟ್ಟಿ ಬರ್ತಿತ್ತು ಆಕಿ ಮನಿಗೆ. ಹಿತ್ತಲಾಗ ಕಬ್ಬಿಣದ ಸರಳು ಜೋಡಿಸಿ ಒಂದು ಒಲಿ ಹೂಡಿದ್ಲು. ಮುಂಜಾನಿ ಹಚ್ಚಿದ್ರ ಸಂಜಿತನಕ ಅದು ಕೆಂಪಗ, ಗಟ್ಟಿಯಾಗಿ ಉರೀತಾನೇ ಇರೋದು.

ಮೊದಲು ಒಬ್ಬಾಕಿ ಹೋದ್ಲು. ಮೂಲಿಮನಿ ಮುದುಕಿ. "ನಿನ್ನ ಒಲಿ ತನಕ ಬರಾಕ ನನಗ ಕಾಲು ನೋವವ್ವಾ" ಅಂದ್ಲು. ನನ್ನ ಬಾಗಲು ದಾಟಿ ಆಕಿ ಬಾಗಲಿಗೆ ಹೋಗಾಕ ಮಾತ್ರ ಕಾಲು ನೋವಿದ್ದಿಲ್ಲ ನೋಡ್ರಿ! ಆಮ್ಯಾಲ ಮೂವರು. ಆಮ್ಯಾಲ ಆರು ಮಂದಿ. ನಾನು ಮುಂಜಾನಿ ಎದ್ದು ಬೂದಿ ಕೆದರಿ, ಕೆಂಡ ಮುಂದ ಮಾಡ್ಕೊಂಡು ಕುಂತಿರ್ತಿದ್ದೆ. ಬರೋರೇ ಇಲ್ಲ. ಗ್ವಾಡಿ ಆಚಿಕಡಿ ನಗಿ, ಮಾತು, ಬಳಿ ಸಪ್ಪಳ. ನಡುನಡುವೆ ತೆಲುಗಿನ್ಯಾಗ ಏನೋ ಅಂದು ಆಕಿ ನಕ್ಕಳಂದ್ರ ಎಲ್ಲಾರೂ ನಗೋರು. ಅರ್ಥ ಆಗಿತ್ತೋ ಇಲ್ಲೋ ಆ ದೇವರಿಗೇ ಗೊತ್ತು.

ಹೊಟ್ಟಿ ಉರೀತಿತ್ತು. ಮುಚ್ಚಿ ಹೇಳೋದೇನೈತಿ, ಉರೀತಿತ್ತು. ಆಕಿ ಬಳಿ ಒಡೀಲಿ, ಆಕಿ ಮುಸುಡಿಗೆ ಮಸಿ ಬೀಳಲಿ ಅಂತ ಒಳಗೊಳಗ ಅಂತಿದ್ದೆ. ಒಂದು ಸಂಜಿ ನಮ್ಮ ಯಜಮಾನ್ರು ಉಣ್ಣಾಕ ಕುಂತು, ತಣ್ಣನ ರೊಟ್ಟಿ ಮುರಿದು, "ಪಕ್ಕದ ಮನ್ಯಾಗ ಈ ಹೊತ್ತಿಗೂ ರೊಟ್ಟಿ ಬಡಿಯೋ ಸಪ್ಪಳ ಬರಾಕತ್ತೈತಲ್ಲ" ಅಂದ್ರು. ಅಷ್ಟೇ ಅಂದದ್ದು. ನಾನು ನೀರಿನ ತಂಬಿಗಿ ಅವರ ಮುಂದ ದಡ್ ಅಂತ ಇಟ್ಟು ಎದ್ದು ಹೋದೆ. ಅವತ್ತು ನಾನು ಉಣ್ಣಲಿಲ್ಲ.

ಆಕಿ ಕೆಟ್ಟಾಕಿ ಆಗಿದ್ರ ನನಗ ಎಷ್ಟು ಸುಖ ಇತ್ತು! ಆದ್ರ ಆಕಿ ಒಂದಿನ ಗ್ವಾಡಿ ಮ್ಯಾಲ ಮುಖ ಇಟ್ಟು, "ಅಕ್ಕಾ, ನಿಮಗ ಕುಳ್ಳು ಸಾಲವಲ್ದು ಅಂತಲ್ಲ. ಒಂದು ಬುಟ್ಟಿ ಕಲ್ಲಿದ್ದಲಿ ಕೊಡ್ಲೇನ್ರಿ? ಆದ್ರ ಇದನ್ನ ಒಳಗ..." ಅಂತ ಏನೋ ಹೇಳಾಕ ಹತ್ತಿದ್ಲು. ನಾನು ಪೂರಾ ಕೇಳಲಿಲ್ಲ. "ನಮ್ಮನಿ ಒಲಿ ಇನ್ನೂ ಸತ್ತಿಲ್ಲವ್ವಾ" ಅಂದು ಸೆರಗು ಝಾಡಿಸಿ ಒಳಗ ಬಂದೆ. ಆಕಿ ಮುಖ ಸಪ್ಪಗಾದದ್ದು ನೋಡಿ ಒಂದೀಟು ಹಗುರ ಅನಿಸಿತ್ತು.

ಅದೇ ವರ್ಷ ಚೊಚ್ಚಲ ಬಾಣಂತನಕ್ಕ ನನ್ನ ಮಗಳು ಬಂದ್ಲು. ಆಕಿನ್ನ ಸಿರುಗುಪ್ಪಕ್ಕ ಕೊಟ್ಟಿದ್ವಿ. ಹೊಳಿ ದಂಡಿ ಊರು, ಬೇಕಾದಷ್ಟು ಕಟಿಗಿ. ಬಾಣಂತನ ಅಂದ್ರ ಸುಮ್ನೇನು? ದಿನಕ್ಕೆರಡು ಸರ್ತಿ ಹಂಡೆ ನೀರು ಮರಳಬೇಕು, ಬಾಣಂತಿ ಮಲಗೋ ಹೊರಸಿನ ಕೆಳಗ ಅಗ್ಗಿಷ್ಟಿಗಿ ಇಟ್ಟು ಮೈ ಕಾಸಬೇಕು, ಕೂಸಿಗೆ ಲೋಬಾನ ಹಾಕಬೇಕು. ಒಂದು ಮನಿ ಮೂರು ತಿಂಗಳು ಉರಿಸೋ ಕುಳ್ಳು ಬಾಣಂತಿ ಒಂದು ತಿಂಗಳಿಗೆ ತಿಂತಾಳ. ಹಂಗಂತ ಮುಂಚೇನೇ ನಾನು ಕುರುಗೋಡಿಗೆ, ನಮ್ಮಣ್ಣನ ಮನಿಗೆ ಹೋದೆ. ಬಸವಣ್ಣನ ಗುಡಿಗೆ ಕಾಯಿ ಒಡಿಸಿದ್ದು ನೆಪ, ಬೇಕಾಗಿದ್ದು ಕಟಿಗಿ.

ಅಣ್ಣ ಗುಡ್ಡದ ಕಡಿ ಕೈ ತೋರಿಸಿದ. "ಸರ್ಕಾರದವರು ಕಾವಲು ಹಾಕ್ಯಾರ ತಂಗೆವ್ವಾ. ಒಂದು ಟೊಂಗಿ ಮುರಿದ್ರ ಕುಡಗೋಲು ಕಸ್ಕೊಂತಾರ. ಹತ್ತಿಕಟಿಗಿ ಹೊಲದಾಗ ಇದ್ದಂಗ ಕಾರ್ಖಾನಿ ಬಂಡಿ ಬಂದು ಒಯ್ತಾವು."

"ಕುಳ್ಳಾದ್ರೂ ಕೊಡಣ್ಣಾ" ಅಂದೆ.

"ಇದ್ದ ಸಗಣಿ ಎಲ್ಲಾ ಒಲಿಗೆ ಹಾಕಿದ್ರ ಹೊಲಕ್ಕೇನು ಹಾಕ್ಲಿ? ಈ ವರ್ಷ ಜೋಳ ನನ್ನ ಮೊಣಕಾಲಿಗೂ ಬರಲಿಲ್ಲ" ಅಂದ. ಆದ್ರೂ ಅಣ್ಣ ಅಣ್ಣನೇ, ಅತ್ತಿಗಿ ಮೂಗು ಮುರಿದ್ರೂ ಕೇಳದ ನಾಕು ಚೀಲ ಕುಳ್ಳು ಬಂಡಿಗೆ ಹೇರಿಸಿದ. ಆ ಚೀಲದ ಮ್ಯಾಲ ಕುಂತು ಬಳ್ಳಾರಿಗೆ ಬರೋವಾಗ ನನ್ನ ಕೈ ಒಂದು ಕ್ಷಣ ಚೀಲದ ಬಾಯಿ ಬಿಟ್ಟಿದ್ದಿಲ್ಲ.

ಮಗಳು ಗಂಡು ಹಡೆದ್ಲು. ಬಣ್ಣದ ಕೂಸು, ಬಾಯಿ ತೆರೆದ್ರ ಓಣಿ ತುಂಬ ಕೇಳಬೇಕು. ಮಾರ್ಗಶಿರದ ಥಂಡಿ ಆ ವರ್ಷ ಎಲುಬಿಗೆ ಇಳೀತಿತ್ತು. ಎರಡನೇ ವಾರಕ್ಕ ಮೂರು ಚೀಲ ಖಾಲಿ. ಹಂಡೆ ಕೆಳಗ ತೊಗರಿಕಟಿಗಿ, ಹಳೇ ಹೊರಸಿನ ಕಾಲು, ಕಿತ್ತು ಬಂದ ಬಾಗಲ ಪಟ್ಟಿ, ಕೈಗೆ ಸಿಕ್ಕಿದ್ದು ಹಾಕಿದೆ.

ಅವಾಗ ಸಿರುಗುಪ್ಪದಿಂದ ಬೀಗಿತ್ತಿ ಬಂದ್ಲು ಕೂಸು ನೋಡಾಕ. ನನ್ನ ಮಗಳ ಅತ್ತಿ. ಬಂದಾಕಿ ಕೂಸಿನ್ನ ನೋಡಿ, ಸೀದಾ ಬಚ್ಚಲಕ್ಕ ಹೋಗಿ ಹಂಡೆಯಾಗ ಬೆರಳು ಅದ್ದಿದ್ಲು.

"ಬೀಗಿತ್ತಿಯವರಾ, ಇದು ಬಾಣಂತಿಗೆ ಎರಿಯೋ ನೀರೋ, ಮುಖ ತೊಳಿಯೋ ನೀರೋ?" ಅಂದ್ಲು.

ನಾನು ಹಂಡೆ ಕೆಳಗ ಇನ್ನೊಂದು ಕಟಿಗಿ ತುರುಕಿ, "ಈಗಷ್ಟೇ ಇಟ್ಟೀನ್ರಿ, ಕಾಯ್ತಾವು" ಅಂದೆ.

ಬೀಗಿತ್ತಿ ಗ್ವಾಡಿ ಮ್ಯಾಲಿಂದ ಆಚಿಕಡಿ ಹಣಿಕಿ ಹಾಕಿ, "ಅಲ್ಲಿ ನೋಡ್ರಿ, ಹೆಂಗ ನಿಗಿನಿಗಿ ಉರಿಯಾಕತ್ತೈತಿ" ಅಂದ್ಲು. ಆಮ್ಯಾಲ ಪಡಸಾಲ್ಯಾಗ ಕುಂತು ಎಲಿ ಮಡಚಿಕೊಂತ, ಎಷ್ಟು ಮೆತ್ತಗ ಹೇಳಿದ್ಲು ಅಂತೀರಿ: "ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮಲ್ಲಿ ಜಾಲಿ ಕಟಿಗಿ ಒಟ್ಟಿಟ್ಟೀವಿ. ಬರೋ ಸೋಮವಾರ ನಾನೇ ಬಂಡಿ ತಗೊಂಡು ಬರ್ತೀನಿ. ಬಾಣಂತಿ, ಕೂಸು ಎರಡೂ ನಮ್ಮಲ್ಲೇ ಇರಲಿ. ನಿಮ್ಮ ಕೈಲಾಗವಲ್ದು."

ಚೊಚ್ಚಲ ಬಾಣಂತಿನ್ನ ತವರಿನವರು ತಿಂಗಳೂ ಇಟ್ಕೊಳ್ಳದ ಕಳಿಸೋದಂದ್ರ ಏನು ಗೊತ್ತೇನ್ರಿ? ಊರಾಗ ತಲಿ ಎತ್ತಂಗಿಲ್ಲ. ಓಣಿ ಎಲ್ಲಾ ಪಕ್ಕದ ಮನ್ಯಾಕಿ ಒಲಿ ಮುಂದ ಕುಂತು ಅದನ್ನೇ ಮಾತಾಡ್ತಾರ. ಆಕಿ ಅಯ್ಯೋ ಪಾಪ ಅಂತಾಳ. ಆ ಅಯ್ಯೋ ಪಾಪ ನನ್ನ ಕಿವ್ಯಾಗ ಆಗಲೇ ಕೇಳಾಕ ಹತ್ತಿತ್ತು. ಸೋಮವಾರ ಬೀಗಿತ್ತಿ ಬಂದಾಗ ಬಾಣಂತಿ ಕ್ವಾಣಿ ಒಳಗ ಕಾಲಿಟ್ರ ಬೆವರು ಬರಬೇಕು, ಹಂಗ ಕಾಸಬೇಕು ಅಂತ ಹಟ ತೊಟ್ಟೆ. ಒಂದು ಮಾತು ಕೇಳಿದ್ರ ಬುಟ್ಟಿ ತುಂಬ ಕಲ್ಲಿದ್ದಲಿ ಕೊಡ್ತಿದ್ಲು ಆಕಿ, ಕೇಳಾಕ ನನ್ನ ನಾಲಿಗಿ ಹೊರಳಲಿಲ್ಲ.

ಅದಕ್ಕ ಕದ್ದೆ.

ಆಯ್ತವಾರ ಮಧ್ಯಾಹ್ನ ಆಕಿ ಕೊಡ ತಗೊಂಡು ನೀರಿಗೆ ಹೋದ್ಲು. ಬುಟ್ಟಿ ಗ್ವಾಡಿ ಬುಡಕ್ಕ ಇತ್ತು. ನಾನು ಕಾಳು ಕುಟ್ಟೋ ಒಳ್ಳು ಬೋರಲು ಹಾಕಿ ಅದರ ಮ್ಯಾಲ ಹತ್ತಿ ಬಗ್ಗಿ, ಕೈಗೆ ಬಂದಷ್ಟು ಉಡಿಯಾಗ ತುಂಬ್ಕೊಂಡೆ. ಮುತ್ತೈದಿ ಉಡಿ, ಅಕ್ಕಿ ಕಾಯಿ ತುಂಬಿಸ್ಕೊಳ್ಳೋ ಉಡಿ. ಅದರಾಗ ಕಳವಿನ ಇದ್ದಲಿ. ಒಳಗೊಳಗ ಒಂಥರಾ ಖುಷಿ ಇತ್ತು.

ಅಗ್ಗಿಷ್ಟಿಗ್ಯಾಗ ಕುಳ್ಳಿನ ಕೆಂಡ ಹಾಕಿ, ಮ್ಯಾಲ ಆ ಇದ್ದಲಿ ಸುರಿದು, ಹಿತ್ತಲಾಗ ಬೀಸಣಿಕಿಲೆ ಬೀಸಿದೆ. ಮೊದಲು ಒಂದೀಟು ಹೊಗಿ ಬಂತು, ಆಮ್ಯಾಲ ನಿಂತು ಹೋತು. ಕೆಂಪಗ, ಮುದ್ದಿಮುದ್ದಿ ಕೆಂಡ. ಹೊಗಿ ಅನ್ನೋದು ಹೆಸರಿಗೂ ಇಲ್ಲ. ಎಷ್ಟು ಚಂದ ಅನಿಸಿತು ಅಂತೀರಿ! ಇಂಥಾ ಬೆಂಕಿ ಇದ್ರ ಯಾರ ಒಲಿ ಮುಂದೂ ಮಂದಿ ಕೂಡ್ತಾರ ಅಂತ ಅಂದ್ಕೊಂಡೆ. ಒಯ್ದು ಹೊರಸಿನ ಕೆಳಗ ಇಟ್ಟೆ.

ನಾನು ಮಾಡಿದ ತಪ್ಪು ಇಲ್ಲೈತಿ, ಕೇಳ್ರಿ. ಕುಳ್ಳಿನ ಬೆಂಕಿ ಇಟ್ಟಾಗ ಹೊಗಿಗೆ ಕಣ್ಣು ಉರೀತಾವಂತ ಬಾಣಂತಿ ಕ್ವಾಣಿ ಕದ ಒಂದು ಗೇಣಾದ್ರೂ ತಗೀತಿದ್ವಿ. ಬಾಣಂತಿಗೆ ಗಾಳಿ ಸೋಕ್ತೈತಿ ಅಂತ ಬೈಕೊಂತನೇ ತಗೀತಿದ್ವಿ. ಈ ಬೆಂಕಿಗೆ ಹೊಗಿ ಇಲ್ಲಲ್ಲ, ಮತ್ಯಾಕ ತಗೀಬೇಕು? ಕಿಡಕಿಗೆ ಕೌದಿ ತುರುಕಿದೆ. ಕದ ಹಾಕಿದೆ. ಕದದ ಕೆಳಗಿನ ಸಂದಿಗೂ ಒಂದು ಹಳೇ ಸೀರಿ ಒತ್ತಿದೆ. ಆಮ್ಯಾಲ ಬಾಗಲ ಮುಂದ ಕಾಲು ಚಾಚಿ ಕುಂತು, ಸೋಮವಾರ ಬೀಗಿತ್ತಿಗೆ ಏನು ಅನ್ನಬೇಕು ಅಂತ ಮಾತು ಜೋಡಿಸಾಕ ಹತ್ತಿದೆ.

"ಎವ್ವಾ, ತಲಿ ಸಿಡ್ಯಾಕತ್ತೈತಿ" ಅಂದ್ಲು ಮಗಳು ಒಳಗಿಂದ.

"ಗಾಳಿ ಹೊಕ್ಕೈತಿ. ಕಿವಿ ಮ್ಯಾಲಿನ ಅರಿವಿ ಬಿಗಿಯಾಗಿ ಕಟ್ಕೋ" ಅಂದೆ.

ಸ್ವಲ್ಪ ಹೊತ್ತಿಗೆ, "ನಿದ್ದಿ ಬರಾಕತ್ತೈತಬೇ" ಅಂದ್ಲು.

"ಮಲಕ್ಕೋ ನನ್ನವ್ವಾ, ಬೆಚ್ಚಗ ಮಲಕ್ಕೋ" ಅಂದೆ. ಕೂಸೂ ಅಳಲಿಲ್ಲ. ಓಣಿ ತುಂಬ ಕೇಳೋವಂಗ ಅಳೋ ಕೂಸು ಅವತ್ತು ಸುಮ್ಮನ ಮಲಗೈತಿ ಅಂತ ನಾನು ಹಿಗ್ಗಿದೆ.

ಅಷ್ಟೊತ್ತಿಗೆ ಮುಂಬಾಗಲಿಂದ ಪಕ್ಕದ ಮನ್ಯಾಕಿ ಓಡಿ ಬಂದ್ಲು. ತಲಿ ಮ್ಯಾಲಿನ ಕೊಡದ ನೀರು ಚೆಲ್ಲಿ ಸೀರಿ ತೊಯ್ದಿತ್ತು. ಬುಟ್ಟಿ ಅರ್ಧ ಆಗಿದ್ದು ನೋಡ್ಯಾಳ, ಗ್ವಾಡಿ ಮ್ಯಾಲಿನ ಕರಿ ಗುರುತು ನೋಡ್ಯಾಳ. ಸಿಕ್ಕಿಬಿದ್ದೆ ಅಂದ್ಕೊಂಡೆ.

"ಅಕ್ಕಾ, ಆ ಕಲ್ಲಿದ್ದಲಿ ಎಲ್ಲಿ ಇಟ್ಟೀರಿ?"

"ಯಾವ ಕಲ್ಲಿದ್ದಲಿ? ನಿನ್ನ ಇದ್ದಲಿ ಯಾರಿಗೆ ಬೇಕಾಗೈತಿ?"

"ಬೈರಿ, ಬೇಕಾದಷ್ಟು ಬೈರಿ. ಎಲ್ಲಿ ಇಟ್ಟೀರಿ ಹೇಳ್ರಿ ಮೊದಲು!"

"ನಮ್ಮನ್ಯಾಗ ಕಳ್ಳರಿಲ್ಲ. ನಡಿ ಹೊರಗ!" ಅಂದು ನಾನು ಎದ್ದು, ಎರಡೂ ಕೈ ಚಾಚಿ ಆ ಬಾಗಲಿಗೆ ಅಡ್ಡ ನಿಂತೆ. ನನ್ನ ಅಂಗೈ ಕರ್ರಗ ಇದ್ವು. ಆ ಕರಿ ಕೈ ಚಾಚ್ಕೊಂಡೇ ಕಳ್ಳರಿಲ್ಲ ಅಂದೆ ನೋಡ್ರಿ. ಎಷ್ಟು ಹೊತ್ತು ಹಂಗ ನಿಂತೆ ಅಂತ ಈಗ ಹೇಳಾಕ ಬರಂಗಿಲ್ಲ. ನನ್ನ ಬೆನ್ನ ಹಿಂದ ನನ್ನ ಮಗಳು, ಮೊಮ್ಮಗ ಆ ಇದ್ದಲಿ ಬಿಟ್ಟ ಕಾಣದ ವಿಷಗಾಳ್ಯಾಗ ಉಸುರಿಗೆ ಒದ್ದಾಡಾಕ ಹತ್ತಿದ್ರು, ನಾನು ಮಾನಕ್ಕ ಕಾವಲು ನಿಂತಿದ್ದೆ.

ಆಕಿ "ತಲುಪು ತೀಯಿ! ಬಾಗಲು ತಗೀರಿ!" ಅಂತ ತೆಲುಗು, ಕನ್ನಡ ಎರಡರಾಗೂ ಕಿರಿಚಿ, ನನ್ನ ತೋಳು ಹಿಡಿದು ಎಳೆದು ಒಗೆದ್ಲು. ಸಣ್ಣ ಮೈಯಾಕಿ, ಎಲ್ಲಿತ್ತೋ ಆ ಶಕ್ತಿ. ಕದ ಒದ್ದು ಒಳಗ ಹೋದ್ಲು. ಕೂಸಿನ್ನ ಎತ್ಕೊಂಡು ಬಂದು ಹಿತ್ತಲ ಗಾಳಿಗೆ ಹಿಡಿದ್ಲು, ತಿರುಗಿ ಓಡಿ ಮಗಳನ್ನ ಬಗಲಾಗ ಕೈ ಕೊಟ್ಟು ಎಳ್ಕೊಂಡು ಬಂದ್ಲು. ಕೂಸಿನ ತಲಿ ಜೋತುಬಿದ್ದಿತ್ತು. ಆಕಿ ಅದರ ಅಂಗಾಲಿಗೆ ಬಡಿದ್ಲು, ಮುಖಕ್ಕ ನೀರು ಚಿಮುಕಿಸಿದ್ಲು, ಬಾಯಿ ಹತ್ರ ಬಾಯಿ ಇಟ್ಟು ಊದಿದ್ಲು. ಶಿವನೇ, ಶಿವನೇ ಅಂತ ನಾನು ಮಗಳ ತಲಿ ಹಿಡ್ಕೊಂಡು ಕುಂತೆ. ಕಡೀಕ ಕೂಸು ಒಂದು ಸರ್ತಿ ಬಿಕ್ಕಿ, ಕ್ವಾಂಯ್ ಅಂತು. ಮಗಳು ವಾಂತಿ ಮಾಡ್ಕೊಂಡು ಕಣ್ಣು ತೆರೆದ್ಲು.

ಓಣಿ ಎಲ್ಲಾ ನೆರೀತು. ಮೂಲಿಮನಿ ಮುದುಕಿ, "ಏನಾತವ್ವಾ, ಏನಾತು?" ಅಂತ ಕೇಳಿದ್ಲು. ನಾನು ಕೈ ಸೆರಗಿನ್ಯಾಗ ಮುಚ್ಕೊಂಡು ಆಕಿ ಮುಖ ನೋಡಿದೆ. ಮುಗೀತು ನನ್ನ ಕಥಿ ಅಂದ್ಕೊಂಡೆ. ಆಕಿ ಕೂಸಿನ ಬೆನ್ನು ತಟ್ಕೊಂತ, ನನ್ನ ಕಡಿ ನೋಡದ, "ಏನಿಲ್ರಿ, ಕುಳ್ಳಿನ ಹೊಗಿ ತುಂಬಿತ್ತು ಅಷ್ಟೇ" ಅಂದ್ಲು.

ಆ ಗದ್ದಲದಾಗ ನನ್ನ ಒಲಿಗೆ ಬೂದಿ ಮುಚ್ಚೋದು ಮರ್ತೆ. ಮುಂಜಾನಿ ಕೆದರಿದ್ರ ಬರೇ ಬಿಳಿ ಬೂದಿ, ತಣ್ಣಗ. ಅತ್ತಿ ಕೊಟ್ಟ ಬೆಂಕಿ ಸತ್ತಿತ್ತು. ನಾನು ಒಂದು ಕುಳ್ಳು ತಗೊಂಡು ಆಕಿ ಬಾಗಲಿಗೆ ಹೋಗಿ ಸಾಲಿನ ಕಡೀಕ ನಿಂತೆ. ನನ್ನ ಸರದಿ ಬಂದಾಗ ಆಕಿ ನನ್ನ ಕುಳ್ಳು ಮುರೀಲಿಲ್ಲ. ಇಡೀ ಕುಳ್ಳಿನ ಮ್ಯಾಲ ಕೆಂಡ ಇಟ್ಟು ಕೊಟ್ಲು.

"ಅರ್ಧ ಮುರ್ಕೋ" ಅಂದೆ.

"ಬಾಣಂತಿ ಮನಿ, ಇರಲಿ ಅಕ್ಕಾ" ಅಂದ್ಲು. ಆಕಿ ಬೈದಿದ್ರ ನನಗ ಅಷ್ಟು ಚುಚ್ಚತಿದ್ದಿಲ್ಲ.

ಹೊತ್ತೇರಿದ ಮ್ಯಾಲ ಸಿರುಗುಪ್ಪದ ಬಂಡಿ ಬಂತು, ಬೀಗಿತ್ತಿನೂ ಬಂದ್ಲು. ನಾನೇ ಮಗಳ ಗಂಟು ಕಟ್ಟಿ ಬಂಡ್ಯಾಗ ಇಟ್ಟೆ. ಇಲ್ಲಿ ಇಟ್ಕೊಳ್ಳಾಕ ನನ್ನ ಹತ್ರ ಏನೂ ಉಳಿದಿದ್ದಿಲ್ಲ. ಬಂಡಿ ಹತ್ತೋ ಮುಂದ ಮಗಳು ಮೊದಲು ಆಕಿ ಕಾಲಿಗೆ ಬಿದ್ಲು, ಆಮ್ಯಾಲ ನನ್ನ ಕಾಲಿಗೆ. ಆಕಿ ಮಗಳನ್ನ ಎಬ್ಬಿಸಿ, ಕಿವ್ಯಾಗ ಏನೋ ಹೇಳಿದ್ಲು. ಮಗಳು ತಲಿ ಅಲ್ಲಾಡಿಸಿದ್ಲು. ಏನು ಹೇಳಿದ್ಲು? ನನ್ನ ಮಗಳಿಗೆ, ನನ್ನ ಕಣ್ಣ ಮುಂದ, ನನಗ ಕೇಳದಂಗ ಏನು ಹೇಳಿದ್ಲು? ಕೂಸಿನ್ನ ಉಳಿಸಿಕೊಟ್ಟು ಇನ್ನೂ ಒಂದು ದಿನ ಆಗಿದ್ದಿಲ್ಲ, ನನ್ನ ಹೊಟ್ಟಿ ಮತ್ತ ಉರಿಯಾಕ ಹತ್ತಿತ್ತು. ಇದು ನೋಡ್ರಿ ನನ್ನ ಬುದ್ಧಿ.

ಎರಡು ವರ್ಷಕ್ಕ ಆಕಿ ಗಂಡನಿಗೆ ಗುಂತಕಲ್ಲಿಗೆ ವರ್ಗ ಆತು. ಆ ಎರಡು ವರ್ಷ ದಿನಾ ನಾನು ಆಕಿ ಬಾಯಿ ಕಾಯ್ದೆ. ಇವತ್ತು ಹೇಳ್ತಾಳ, ನಾಳಿ ಹೇಳ್ತಾಳ, ಜಗಳ ಬಂದಾಗ ಹೇಳ್ತಾಳ. ಜಗಳಾನೂ ತಗದು ನೋಡಿದೆ. ಆಕಿ ಹೇಳಲಿಲ್ಲ. ಮುಂದ ಬಾಳ ವರ್ಷಕ್ಕ ಆಕಿ ತೀರಿಹೋದ ಸುದ್ದಿ ಬಂತು. ಸುಳ್ಳು ಯಾಕ, ನನಗ ಮೊದಲು ಬಂದದ್ದು ಅಳು ಅಲ್ಲ. ಇನ್ನ ಯಾರಿಗೂ ಗೊತ್ತಾಗಂಗಿಲ್ಲ ಅನ್ನೋ ಸಮಾಧಾನ. ಅದಾದ ಮ್ಯಾಲ ಅಳು ಬಂತು, ಬಾಳ ಬಂತು.

ಆ ಸಮಾಧಾನಕ್ಕ ನಾಚಿ, ಸಿರುಗುಪ್ಪಕ್ಕ ಹೋಗಿ ಮಗಳನ್ನ ಮುಂದ ಕುಂದ್ರಿಸ್ಕೊಂಡು ಎಲ್ಲಾ ಹೇಳಿದೆ. ಕದ್ದದ್ದು, ಕದ ಹಾಕಿದ್ದು, ಅಡ್ಡ ನಿಂತದ್ದು. ಮಗಳು ಅಕ್ಕಿ ಆರಿಸೋದು ನಿಲ್ಲಿಸಲಿಲ್ಲ.

"ನನಗ ಅವತ್ತೇ ಗೊತ್ತಿತ್ತಬೇ. ಕಣ್ಣು ತೆರೆದಾಗ ನಿನ್ನ ಕೈ ಕರ್ರಗ ಇದ್ವು" ಅಂದ್ಲು.

"ಮತ್ತ ಇಷ್ಟು ವರ್ಷ ಯಾಕ ಕೇಳಲಿಲ್ಲ?"

"ಬಂಡಿ ಹತ್ತೋ ಮುಂದ ಆಕಿ ನನ್ನ ಕಡಿಂದ ಮಾತು ತಗೊಂಡ್ಲು. ನಿಮ್ಮವ್ವಗ ಎಂದೂ ಕೇಳಬ್ಯಾಡ, ಕೇಳಿದ್ರ ನಾಚಿಕಿಗೇ ಸತ್ತು ಹೋಗ್ತಾಳ ಅಂದ್ಲು."

ಮೊಮ್ಮಗ ಆವಾಗ ದೊಡ್ಡಾಂವ ಆಗಿದ್ದ, ಅಂಗಳದಾಗ ಜಾಲಿ ಕಟಿಗಿ ಸೀಳಾಕ ಹತ್ತಿದ್ದ. ನಾನು ಅವನ್ನ ನೋಡ್ಕೊಂತ ಕುಂತೆ. ಮಗಳು ಆಕಿ ಜೊತಿ ಇಷ್ಟು ವರ್ಷ ಒಂದು ಗುಟ್ಟು ಇಟ್ಕೊಂಡಿದ್ಲು, ನನ್ನ ಜೊತಿ ಅಲ್ಲ. ಸತ್ತಾಕಿ ಮ್ಯಾಲ ಹೊಟ್ಟಿಕಿಚ್ಚು ಪಡಬಾರದು ಅಂತಾರ, ನನಗ ಅವತ್ತು ಬಂದದ್ದು ಅದೇ.